ಅಕ್ಕಡಿ ಸಾಲಿನ ಆಫ್ರಿಕಾ

ಹೊಸೂರಿನಲ್ಲಿ ಕೆಲಮಂಗಲದ ಬಸ್ಸು ಹತ್ತಿದರೆ ಬಹಳ ಹೊತ್ತಿನವರೆಗೆ ಹೊಲ ಅನ್ನುವುದೇ ಕಣ್ಣಿಗೆ ಬೀಳುವುದಿಲ್ಲ. ಕಾರ್ಖಾನೆಯ ಕಾಂಪೌಂಡು, ಲಾರಿಗಳು ಸಾಲುಗಟ್ಟಿ ನಿಂತ ಬಯಲು, ಕಲ್ಲು ನೆಟ್ಟು ಸೈಟು ಮಾಡಿದ ಬಡಾವಣೆ, ಬಿಳಿ ಪ್ಲಾಸ್ಟಿಕ್ ಹೊದ್ದ ಗುಲಾಬಿ ಪಾಲಿಹೌಸು. ಬಸ್ಸಿನೊಳಗೆ ಮಾತ್ರ ಸೀಮೆ ಇನ್ನೂ ಹಳೆಯದಾಗಿಯೇ ಇದೆ. ಕಂಡಕ್ಟರು ಟಿಕೆಟ್ ಕೇಳುವುದು ತಮಿಳಿನಲ್ಲಿ, ಮುಂದಿನ ಸೀಟಿನ ಗಂಡಹೆಂಡಿರು ಜಗಳವಾಡುವುದು ತೆಲುಗಿನಲ್ಲಿ, ಹಿಂದಿನ ಸೀಟಿನ ಮುದುಕರು ಅವರಿಗೆ ಸಮಾಧಾನ ಹೇಳುವುದು ಕನ್ನಡದಲ್ಲಿ. ಯಾರಿಗೂ ಯಾರದ್ದೂ ಅರ್ಥವಾಗದೆ ಉಳಿಯುವುದಿಲ್ಲ.

ಆ ದಿನ ಬಸ್ಸಿನಲ್ಲಿದ್ದವರಿಗೆ ಅರ್ಥವಾಗದೆ ಉಳಿದದ್ದು ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ. ಬೆಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿರುವವಳು, ಉಗಾಂಡಾದವಳು. ಎಲ್ಲರ ಕಣ್ಣೂ ಅವಳ ಜಡೆಗಳ ಮೇಲೆ. ಒಬ್ಬ ಹೆಂಗಸು ಕೈ ಚಾಚಿ ಒಂದು ಜಡೆಯನ್ನು ಮುಟ್ಟಿಯೂ ನೋಡಿದಳು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಅವಳು ಎದುರಿಸಿದ ಕಣ್ಣುಗಳಿಗೆ ಹೋಲಿಸಿದರೆ ಇದು ಬರೀ ಕುತೂಹಲ, ಇರಲಿ ಬಿಡಿ ಎಂದು ನಕ್ಕಳು. ಅವಳ ಊರು ಪಶ್ಚಿಮ ಉಗಾಂಡಾದ ಅಂಕೋಲೆ ಸೀಮೆ. ನಮ್ಮ ಉತ್ತರ ಕನ್ನಡದ ಅಂಕೋಲೆಗೂ ಅದಕ್ಕೂ ಹೆಸರಿನಾಚೆಗೆ ನಂಟಿಲ್ಲ. ಆದರೆ ನಮ್ಮ ಅಂಕೋಲೆ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾದಿಂದ ಬಂದವರ ಮಕ್ಕಳು ಸಿದ್ದಿಗಳಿದ್ದಾರೆ, ಅವರ ಮನೆಮಾತು ಕೊಂಕಣಿ, ಕನ್ನಡ ಎಂದು ಹೇಳಿದಾಗ ಅವಳು ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದಳು. 1980ರ ದಶಕದಲ್ಲಿ ಅದೇ ಸಿದ್ದಿ ಕಲಾವಿದರು ಚಿನುವ ಅಚಿಬೆಯ ಕಾದಂಬರಿಯನ್ನು ಕನ್ನಡದಲ್ಲಿ ರಂಗಕ್ಕೆ ತಂದರು, ಅದರ ಹಿಂದೆ ಹೆಗ್ಗೋಡಿನ ನೀನಾಸಂ ಇತ್ತು ಎಂಬುದನ್ನೂ ಹೇಳಿದೆ. ಗುಲಾಮರಾಗಿ, ಸಿಪಾಯಿಗಳಾಗಿ ಕಡಲು ದಾಟಿಸಲ್ಪಟ್ಟವರ ಕತೆ ಅದು. ನಾವು ಹೊರಟದ್ದು ಅದಕ್ಕಿಂತ ಬಹಳ ಹಳೆಯ ಇನ್ನೊಂದು ದಾಟುವಿಕೆಯನ್ನು ನೋಡಲಿಕ್ಕೆ.

ಇದಕ್ಕೆ ಕಾರಣ ಒಂದು ಮುದ್ದೆ. ಬೆಂಗಳೂರಿನ ಯಾವುದೋ ಮೆಸ್ಸಿನಲ್ಲಿ ತಟ್ಟೆಗೆ ಬಿದ್ದ ರಾಗಿಮುದ್ದೆಯನ್ನು ಕಂಡು, ಇದು ನಮ್ಮಮ್ಮ ಮಾಡುವುದು, ಇದನ್ನು ನಿಮಗೆ ಯಾರು ಕಲಿಸಿದರು ಎಂದು ಅವಳು ಕೇಳಿದ್ದಳು. ಕೇಳಿದ್ದು ತಮಾಷೆಗೆ. ನನಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಹೊಸೂರು, ಕೃಷ್ಣಗಿರಿ, ಧರ್ಮಪುರಿಯವರು ರಾಗಿ ತಿಂದು ಬೆಳೆದವರು. ತಮಿಳುನಾಡಿನಲ್ಲಿ ರಾಗಿ ಅಂದರೆ ಮೊದಲು ಈ ಜಿಲ್ಲೆಗಳ ಹೆಸರು ಹೇಳುತ್ತಾರೆ. ಮುದ್ದೆ ನಮ್ಮದು ಎಂದು ಎದೆ ತಟ್ಟಿಕೊಳ್ಳುವಾಗ ಅದನ್ನು ಹುಲ್ಲಿನಿಂದ ಧಾನ್ಯವಾಗಿಸಿದವರು ಯಾರು ಅನ್ನುವ ಪ್ರಶ್ನೆ ನಮ್ಮಲ್ಲಿ ಯಾರಿಗೂ ಏಳುವುದಿಲ್ಲ.

ದೊಡ್ಡಮ್ಮನ ಊರಿನ ಗೇಟಿನಲ್ಲಿ ಇಳಿದು ಕೆಂಪು ಮಣ್ಣಿನ ದಾರಿ ಹಿಡಿದೆವು. ಕಾರ್ತಿಕದ ಬಿಸಿಲು, ನೆರಳಿಗೆ ಹೋದರೆ ಚಳಿ. ಏರಿ ದಾಟಿದ ಮೇಲೆ ಎರಡೂ ಬದಿ ರಾಗಿ. ತೆನೆ ಬಲಿತು ಮುಷ್ಟಿ ಕಟ್ಟಿತ್ತು, ಕಡ್ಡಿ ಇನ್ನೂ ಅರೆಹಸಿರು. ಈಚಿನವರು ರಾಗಿಯೊಂದನ್ನೇ ಬಿತ್ತಿ ಮುಗಿಸುತ್ತಾರೆ. ದೊಡ್ಡಮ್ಮನ ಹೊಲದಲ್ಲಿ ಮಾತ್ರ ಅಕ್ಕಡಿ ಇನ್ನೂ ಇದೆ. ಅಂದರೆ ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲು ಬೆರಕೆ: ಅವರೆ, ಅಲಸಂದೆ, ತೊಗರಿ, ಜೋಳ, ಹುಚ್ಚೆಳ್ಳು. ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಹರಳು. ಜೋಳದ ದಂಟು ಅವರೆ ಬಳ್ಳಿಗೆ ಊರುಗೋಲು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ, ದನ ಬಾಯಿ ಹಾಕುವುದಿಲ್ಲ, ಹಾಗಾಗಿ ಅದು ಅಂಚಿನ ಬೇಲಿಯೂ ಹೌದು. ರಾಗಿ ಕೊಯ್ದ ಮೇಲೆ ಬಯಲಾದ ಜಾಗವನ್ನು ಅವರೆ ಇಬ್ಬನಿ ಕುಡಿದುಕೊಂಡು ಆವರಿಸುತ್ತದೆ. ಮಳೆ ಕೈಕೊಟ್ಟರೆ ಐದರಲ್ಲಿ ಎರಡಾದರೂ ಮನೆಗೆ ಬರುತ್ತವೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಗೆ ಬಂದಾಗ ರಾಗಿಯ ಜೊತೆ ಅವರೆ, ತೊಗರಿ ಸಾಲು ಹಾಕುವ ಈ ಪದ್ಧತಿಯನ್ನು ಪುಟಗಟ್ಟಲೆ ಬರೆದುಕೊಂಡ. ಅವನನ್ನು ಕಳಿಸಿದ ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದದ್ದು ಸೀಮೆಯ ಲೆಕ್ಕ. ಅದರ ನೆಪದಲ್ಲಿ ನಮಗೆ ಇನ್ನೂರು ವರ್ಷ ಹಿಂದಿನ ಅಕ್ಕಡಿಯ ಸಾಕ್ಷ್ಯ ಉಳಿಯಿತು.

ಹುಡುಗಿ ಸಾಲಿನೊಳಗೆ ನಡೆದಳು. ರಾಗಿಯನ್ನು ನೋಡಿ ‘ಒಬುರೊ’ ಎಂದಳು. ಜೋಳ ಗೊತ್ತು, ಅಲಸಂದೆ ಗೊತ್ತು, ಹರಳು ಅವರ ಮನೆಯ ಹಿತ್ತಿಲಲ್ಲೇ ಇದೆ. ತೊಗರಿಯನ್ನು ನೋಡಿ ಇದು ನಮ್ಮ ಕಡೆ ಕಡಿಮೆ, ಉತ್ತರ ಉಗಾಂಡಾದವರ ಬೇಳೆ ಎಂದಳು. ಅವರೆಯ ಹತ್ತಿರ ಸ್ವಲ್ಪ ಅನುಮಾನಿಸಿದಳು. ಹುಚ್ಚೆಳ್ಳು ಅವಳಿಗೆ ಗೊತ್ತೇ ಆಗಲಿಲ್ಲ.

ಗೊತ್ತಾಗದಿರುವುದು ಸಹಜ. ಹುಚ್ಚೆಳ್ಳು ಇಥಿಯೋಪಿಯಾದ ಬೆಟ್ಟಸೀಮೆಯ ಬೆಳೆ. ಅಲ್ಲಿ ಅದರ ಹೆಸರು ನೂಗ್, ಅಡುಗೆ ಎಣ್ಣೆಗೆ ಅಲ್ಲಿನವರು ತಲೆಮಾರುಗಳಿಂದ ನೆಚ್ಚಿಕೊಂಡಿರುವುದು ಅದನ್ನೇ. ಆ ಹೊಲದಲ್ಲಿ ನಿಂತು ಬೆರಳು ಮಡಿಸುತ್ತ ಹೋದರೆ ಬೆರಗಾಗುತ್ತದೆ. ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನದು. ಜೋಳ ಸಹಾರಾದ ದಕ್ಷಿಣ ಅಂಚಿನ ಹುಲ್ಲುಗಾವಲಿನದು. ಅಲಸಂದೆ ಆಫ್ರಿಕಾದ್ದು, ಹರಳು ಆಫ್ರಿಕಾದ ಈಶಾನ್ಯದ್ದು, ಅವರೆಯ ಕಾಡುತಳಿ ಆಫ್ರಿಕಾದ್ದು. ಬೇಲಿಯಾಚೆ ನಿಂತ ಹುಣಸೆಮರವೂ ಅಲ್ಲಿಂದಲೇ ಬಂದದ್ದು. ಕೃಷ್ಣಗಿರಿಯ ಮಂಡಿಗಳಲ್ಲಿ ಮೂಟೆಗಟ್ಟಲೆ ತೂಗುವ ಹುಣಸೆಹಣ್ಣನ್ನು ಪರದೇಶಿ ಎಂದು ಯಾರಾದರೂ ಕರೆದಾರೆಯೇ! ಆ ಸಾಲಿನಲ್ಲಿ ನಿಜಕ್ಕೂ ಈ ನೆಲದಲ್ಲೇ ಪಳಗಿದ್ದು ತೊಗರಿಯೊಂದೇ, ಅವಳು ಬೇರೆಯವರ ಬೇಳೆ ಎಂದು ಬದಿಗಿಟ್ಟದ್ದು. ಅದು ಇಲ್ಲಿಂದ ಆಫ್ರಿಕಾಕ್ಕೆ ಹೋಯಿತು.

ರಾಗಿಯ ಹುಟ್ಟೂರಿನ ಬಗ್ಗೆ ವಾದವೇ ಇರಲಿಲ್ಲ ಅಂತಲ್ಲ. 19ನೆಯ ಶತಮಾನದ ಸಸ್ಯವಿಜ್ಞಾನಿಗಳಲ್ಲಿ ಕೆಲವರು ಅದನ್ನು ಭಾರತದ್ದೆಂದೇ ಎಣಿಸಿದ್ದರು. ಇಲ್ಲಿ ಅಷ್ಟೊಂದು ಬೆಳೆಯುತ್ತಾರೆ, ಅಷ್ಟೊಂದು ತಳಿಗಳಿವೆ, ಇನ್ನೆಲ್ಲಿಯದಾದೀತು ಎಂಬುದು ಅವರ ತರ್ಕ. 1976ರಲ್ಲಿ ಹಿಲು ಮತ್ತು ಡಿ ವೆಟ್ ಎಂಬ ಇಬ್ಬರು ವಿಜ್ಞಾನಿಗಳು ರಾಗಿಯ ಕಾಡುತಳಿಗಳನ್ನು ತೂಗಿ ನೋಡಿ ಅದು ಪಳಗಿದ್ದು ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಮಲೆನಾಡಿನಲ್ಲಿ ಎಂದು ತೋರಿಸಿದರು. ರಾಗಿಯ ನೇರ ಪೂರ್ವಿಕ ಹುಲ್ಲು ಆಫ್ರಿಕಾದ್ದು. ಅದು ಇಲ್ಲಿ ಹುಟ್ಟಿರಲಾರದು. ಕನ್ನಡ ನಾಡಿಗೆ ಅದು ಬಂದದ್ದು ಯಾವಾಗ? ತುಂಗಭದ್ರೆಯ ದಡದ ಹಳ್ಳೂರಿನಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಅಗೆದಾಗ ಸುಟ್ಟು ಕರಿಕಾದ ರಾಗಿ ಸಿಕ್ಕಿತು. ಅದರ ಕಾಲ ಸುಮಾರು ಕ್ರಿ.ಪೂ. 1000. ಕಬ್ಬಿಣ ಬಳಕೆಗೆ ಬರುತ್ತಿದ್ದ, ದೊಡ್ಡ ಕಲ್ಲುಗಳ ಗೋರಿ ಕಟ್ಟುತ್ತಿದ್ದ ಕಾಲ. ಬಿತ್ತನೆ ಕಾಳು ಅಷ್ಟು ದೂರ ತಾನಾಗಿ ತೇಲಿ ಬರುವುದಿಲ್ಲ. ಅದರ ಹಿಂದೆ ಯಾರದೋ ಸೆರಗು, ಯಾರದೋ ಗಂಟು, ಅರಬಿ ಕಡಲಿನ ಅಂಚಿನಲ್ಲಿ ಮಳೆಗಾಳಿ ನೋಡಿಕೊಂಡು ಸಾಗಿದ ಸಣ್ಣ ದೋಣಿಗಳಿರಬೇಕು. ಅತ್ತ ಕಡೆ ಇಲ್ಲಿಂದ ಹೋದದ್ದೂ ಕಡಿಮೆಯಲ್ಲ. ಆಫ್ರಿಕಾದಲ್ಲಿ ಇವತ್ತು ಮೇಯುವ ಡುಬ್ಬದ ದನಗಳಲ್ಲಿ ನಮ್ಮ ಕಡೆಯ ರಕ್ತವಿದೆ. ಉಗಾಂಡಾದವರು ಪ್ರಾಣಕ್ಕೆ ಸಮ ಎಂದುಕೊಂಡ ಬಾಳೆ ಏಷ್ಯಾದಿಂದ ಹೋದದ್ದು. ಅವರು ನಮ್ಮ ಬಾಳೆ ಬೇಯಿಸಿ ಅದು ತಮ್ಮ ನಾಡಿನ ಊಟ ಎನ್ನುತ್ತಾರೆ, ನಾವು ಅವರ ರಾಗಿ ತೊಳಸಿ ಅದು ನಾಟಿ ಊಟ ಎನ್ನುತ್ತೇವೆ. ಸರಿಹೋಯಿತು.

ಸರಿಹೋಗದ್ದು ಒಂದಿದೆ. 1963ರಲ್ಲಿ ಆಕ್ಸ್‌ಫರ್ಡಿನ ಇತಿಹಾಸ ಪ್ರಾಧ್ಯಾಪಕ ಹ್ಯೂ ಟ್ರೆವರ್-ರೋಪರ್ ತನ್ನ ಉಪನ್ಯಾಸವೊಂದರಲ್ಲಿ, ಕಲಿಸಲಿಕ್ಕೆ ಆಫ್ರಿಕಾದ ಇತಿಹಾಸ ಅನ್ನುವುದೇ ಇಲ್ಲ, ಇರುವುದು ಅಲ್ಲಿಗೆ ಹೋದ ಯೂರೋಪಿಯನ್ನರ ಇತಿಹಾಸ, ಉಳಿದದ್ದು ಕತ್ತಲೆ ಎಂಬ ಅರ್ಥದ ಮಾತನಾಡಿದ. ಅಷ್ಟರಲ್ಲಿ ಅರ್ಧ ಆಫ್ರಿಕಾ ಸ್ವತಂತ್ರವಾಗಿತ್ತು. ಮರುವರ್ಷವೇ, 1964ರಲ್ಲಿ, ಆಫ್ರಿಕಾದ ಸಮಗ್ರ ಇತಿಹಾಸವನ್ನು ಆಫ್ರಿಕನ್ನರ ಕಣ್ಣಿನಿಂದಲೇ ಬರೆಸುವ ಕೆಲಸಕ್ಕೆ ಯುನೆಸ್ಕೋ ಕೈಹಾಕಿತು. ಎಂಟು ಸಂಪುಟಗಳ ಯೋಜನೆ. ಮೊದಲನೆಯದು 1981ರಲ್ಲಿ ಜೋಸೆಫ್ ಕಿ-ಜರ್ಬೋ ಸಂಪಾದಕತ್ವದಲ್ಲಿ ಬಂತು. ಬರಹವಿಲ್ಲದ ಕಡೆ ಬಾಯಿಮಾತನ್ನೂ ದಾಖಲೆಯಾಗಿ ಹಿಡಿಯುವುದು ಹೇಗೆ ಎಂದು ಆ ಸಂಪುಟ ದೀರ್ಘವಾಗಿ ಚರ್ಚಿಸುತ್ತದೆ. ಅದನ್ನು ಓದುವಾಗ ನನಗೆ ಅನ್ನಿಸಿದ್ದು, ಬಾಯಿಮಾತಿನ ಜೊತೆ ಬೀಜವನ್ನೂ ಸೇರಿಸಬೇಕಾಗಿತ್ತು ಎಂದು. ಒಂದು ಕಾಡುಹುಲ್ಲಿನ ಕಾಳು ಉದುರದೆ ತೆನೆಯಲ್ಲೇ ಉಳಿಯುವಂತೆ ಮಾಡಲು ನೂರಾರು ತಲೆಮಾರಿನ ಹೆಂಗಸರು ಗಂಡಸರು ಕೊಯ್ಲಿನ ಹೊತ್ತಿಗೆ ತೆನೆ ಆರಿಸಿ ಎತ್ತಿಟ್ಟಿರಬೇಕು. ಇದು ಇತಿಹಾಸವಲ್ಲದೆ ಇನ್ನೇನು? ಅದಕ್ಕೆ ರಾಜರ ಹೆಸರಿಲ್ಲ, ಅಷ್ಟೆ.

ಮಧ್ಯಾಹ್ನ ದೊಡ್ಡ ಕಲ್ಲುಗಳ ಗೋರಿಗಳನ್ನು ನೋಡಲೆಂದು ತಮ್ಮನ ಕಾರಿನಲ್ಲಿ ಮಲ್ಲಚಂದ್ರದ ಗುಡ್ಡಕ್ಕೆ ಹೋದೆವು. ಬೋಳು ಬಂಡೆಯ ನೆತ್ತಿಯ ಮೇಲೆ ಕಲ್ಲಿನ ಗೂಡುಗಳ ಗುಂಪು. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಒಂದು ಬದಿಯ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದದ್ದು. ಕೆಲವದರ ಸುತ್ತ ಹೊರಚಪ್ಪಡಿಗಳನ್ನು ನೆಟ್ಟಿದ್ದಾರೆ, ಅವುಗಳ ನೆತ್ತಿಯನ್ನು ಕಮಾನಿನಂತೆ ತಿದ್ದಿದ್ದಾರೆ. ಕಿಂಡಿಯ ಅಂಚಿಗೆ ಬೆರಳಾಡಿಸಿದರೆ ಉಳಿಯ ಗುರುತು ಸವೆದು ನುಣುಪಾಗಿದೆ. ನಿಧಿಯ ಆಸೆಗೆ ಯಾರೋ ಎಬ್ಬಿಸಿ ಕೆಡವಿದ ಕಲ್ಲುಗಳೂ ಇವೆ. ಒಳಗೆ ಕುರಿಗಾಹಿಗಳು ಕೂತು ಬೀಡಿ ಸೇದಿ ಬಿಟ್ಟ ತುಂಡುಗಳಿದ್ದವು.

ಕನ್ನಡ ನಾಡಿನಲ್ಲಿ ಎಷ್ಟೋ ಕಡೆ ಇಂಥ ಗೂಡುಗಳನ್ನು ಜನ ಪಾಂಡವರ ಗುಡಿ ಎನ್ನುತ್ತಾರೆ. ಹಿರೇಬೆಣಕಲ್ಲಿನವರ ಪ್ರಕಾರ ಅವು ಮೋರಿಯರ ಮನೆಗಳು, ಮೋರಿಯರೆಂದರೆ ಗಿಡ್ಡ ಜನ. ತಮಿಳರಲ್ಲೂ ಕುಳ್ಳರ ಕತೆಯೇ. ಪಾಂಡವರಾದರೂ ಸರಿ, ಕುಳ್ಳರಾದರೂ ಸರಿ, ಕಟ್ಟಿದವರು ಮಾತ್ರ ನಮ್ಮಂಥವರಲ್ಲ. ಇದೇ ಬೆಟ್ಟದ ಬುಡದಲ್ಲಿ ದನ ಮೇಯಿಸಿ ಕಾಳು ಬೆಳೆದವರು ಇಷ್ಟು ದೊಡ್ಡ ಚಪ್ಪಡಿ ಸೀಳಿ ನಿಲ್ಲಿಸಿದರು ಎಂದು ನಂಬಲು ನಮಗೆ ಮನಸ್ಸಿಲ್ಲ.

ಹುಡುಗಿ ಇದನ್ನು ಕೇಳಿ ಜಿಂಬಾಬ್ವೆಯ ಮಾತು ತೆಗೆದಳು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಎಬ್ಬಿಸಿದ ಗ್ರೇಟ್ ಜಿಂಬಾಬ್ವೆಯ ಗೋಡೆಗಳನ್ನು ಕಟ್ಟಿದವರು ಶೋನಾ ಜನರ ಪೂರ್ವಿಕರು. ಕಾಲ 11ರಿಂದ 15ನೆಯ ಶತಮಾನ. 1871ರಲ್ಲಿ ಅಲ್ಲಿಗೆ ಹೋದ ಜರ್ಮನಿಯ ಕಾರ್ಲ್ ಮೌಖ್ ಅದನ್ನು ಬೈಬಲ್ಲಿನ ಶೀಬಾ ರಾಣಿಗೆ ಅಂಟಿಸಿದ. ಆಮೇಲಿನವರು ಫಿನೀಷಿಯನ್ನರು ಎಂದರು, ಅರಬರು ಎಂದರು. 1905ರಲ್ಲಿ ರ್‍ಯಾಂಡಲ್-ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅಗೆದು ನೋಡಿ ಇದು ಆಫ್ರಿಕನ್ನರದೇ ಎಂದು ಬರೆದರೂ ರೊಡೇಷಿಯಾದ ಬಿಳಿ ಸರ್ಕಾರಕ್ಕೆ ಅದು ಒಗ್ಗಲಿಲ್ಲ. ಸತ್ಯ ಹೇಳುತ್ತಿದ್ದ ಪುರಾತತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯಿತು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ಆ ಜನ ತಮ್ಮ ದೇಶಕ್ಕೆ ಇಟ್ಟ ಹೆಸರೇ ಆ ಕಲ್ಲಿನ ಕಟ್ಟಡದ್ದು. ನಮ್ಮ ಪಾಂಡವರ ಕತೆಯ ಹಿಂದೆ ಸರ್ಕಾರ ಇರಲಿಲ್ಲ, ಬಂದೂಕು ಇರಲಿಲ್ಲ, ಅದು ಭಕ್ತಿಯ ಕತೆ. ವ್ಯತ್ಯಾಸ ಸಣ್ಣದಲ್ಲ. ಆದರೆ ಎರಡೂ ಕಡೆ ಕೂಲಿ ಮಾಡಿದವನ ಹೆಸರು ಹಾಜರಿಪುಸ್ತಕದಿಂದ ಹಾರಿಹೋಗಿದೆ.

ನಾವು ನಿಂತಿದ್ದ ಕೃಷ್ಣಗಿರಿ ಜಿಲ್ಲೆಯಲ್ಲೇ ಬರಗೂರಿನ ಕಡೆ ಮಯಿಲಾಡುಂಪಾರೈ ಎಂಬ ಬಂಡೆಗುಡ್ಡವಿದೆ. ಅಲ್ಲಿ ಸಿಕ್ಕ ಕಬ್ಬಿಣದ ಕಾಲವನ್ನು ಕ್ರಿ.ಪೂ. 2172 ಎಂದು 2022ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ವಿಧಾನಸಭೆಯಲ್ಲೇ ಪ್ರಕಟಿಸಿದರು. ನಾವು ಅಲ್ಲಿಗೆ ಹೋಗಲಿಲ್ಲ, ಹೊತ್ತು ಸಾಲಲಿಲ್ಲ. ಆದರೆ ಕಬ್ಬಿಣದ ಮಾತು ಬಂದದ್ದೇ ತಡ ಹುಡುಗಿ ತನ್ನ ನೆರೆಯವರಾದ ಹಾಯಾ ಜನರನ್ನು ನೆನೆದಳು. ವಿಕ್ಟೋರಿಯಾ ಸರೋವರದ ಪಶ್ಚಿಮ ದಡದಲ್ಲಿ, ಗಡಿಯಾಚೆ ಟಾಂಜಾನಿಯಾದಲ್ಲಿ ಅವರ ನೆಲೆ. 1970ರ ದಶಕದಲ್ಲಿ ಪೀಟರ್ ಶ್ಮಿಟ್ ಎಂಬ ಪುರಾತತ್ವಜ್ಞ ಅಲ್ಲಿನ ಹಿರಿಯರನ್ನು, ನಿಮ್ಮ ಹಿರೀಕರು ಕಬ್ಬಿಣ ಕರಗಿಸುತ್ತಿದ್ದದ್ದು ಹೇಗೆ, ಮಾಡಿ ತೋರಿಸಿ ಎಂದು ಕೇಳಿಕೊಂಡ. ಪೇಟೆಯ ಕಬ್ಬಿಣ ಬಂದು ಕುಲುಮೆ ಆರಿ ದಶಕಗಳೇ ಕಳೆದಿದ್ದವು. ಮುದುಕರು ನೆನಪಿನಿಂದಲೇ ಕುಲುಮೆ ಕಟ್ಟಿದರು. ಹುತ್ತದ ಮಣ್ಣು, ಜೌಗಿನ ಹುಲ್ಲು ಸುಟ್ಟ ಇದ್ದಿಲು, ಸುತ್ತ ಕೂತು ತಿದಿ ಒತ್ತುವವರು. ಒಳಗಿಂದ ಬಂದದ್ದು ಉಕ್ಕು. ಆ ಸೀಮೆಯ ಹಳೆಯ ಕುಲುಮೆಗಳ ಗುಂಡಿಗಳನ್ನು ಅಗೆದಾಗ 1,500 ವರ್ಷಕ್ಕೂ ಹಿಂದೆಯೇ ಈ ವಿದ್ಯೆ ಅವರ ಕೈಯಲ್ಲಿತ್ತೆಂದು ಗೊತ್ತಾಯಿತು. ಇದು 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಮುದುಕರು ಅಷ್ಟರಲ್ಲಿ ತೀರಿಕೊಂಡಿದ್ದರೆ ಆ ವಿದ್ಯೆಯ ಮುಕ್ಕಾಲು ಪಾಲು ಅವರ ಜೊತೆಗೇ ಹೋಗುತ್ತಿತ್ತು.

ನೆನಪನ್ನು ನೆಚ್ಚಿಕೊಂಡು ಬೀಜ ಉಳಿಸಿದವರಲ್ಲಿ ನಾನು ಗೌರವದಿಂದ ನೆನೆಯುವುದು ಇಥಿಯೋಪಿಯಾದ ಮೆಲಾಕು ವೊರೆಡೆಯನ್ನು. ಅಡಿಸ್ ಅಬಾಬಾದ ಸಸ್ಯತಳಿ ಸಂಪನ್ಮೂಲ ಕೇಂದ್ರದ ನಿರ್ದೇಶಕರಾಗಿದ್ದವರು. 1984ರ ಬರದಲ್ಲಿ ರೈತರು ಹೊಟ್ಟೆಗಿಲ್ಲದೆ ಬಿತ್ತನೆ ಕಾಳನ್ನೇ ತಿನ್ನುವ ಗತಿ ಬಂದಾಗ, ತಳಿಗಳು ಅಳಿಯದಂತೆ ಸಂಗ್ರಹಿಸಿ, ಅವನ್ನು ಶೀತಲ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದಕ್ಕಿಂತ ರೈತರ ಹೊಲದಲ್ಲೇ ಬೆಳೆಸಿ ಉಳಿಸಬೇಕೆಂದು ಹಟ ಹಿಡಿದರು. 1989ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 1996ರಲ್ಲಿ ಅಮೆರಿಕದ ವಿಜ್ಞಾನಿಗಳು ರಾಗಿ, ಜೋಳಗಳ ಬಗ್ಗೆ ಒಂದು ಒಳ್ಳೆಯ ಗ್ರಂಥ ತಂದು ಅದಕ್ಕೆ ಆಫ್ರಿಕಾದ ಕಳೆದುಹೋದ ಬೆಳೆಗಳು ಎಂಬ ಅರ್ಥದ ಹೆಸರಿಟ್ಟರು. ಯಾರ ಪಾಲಿಗೆ ಕಳೆದುಹೋಗಿದ್ದವೋ! ದೊಡ್ಡಮ್ಮನ ಮನೆಯಲ್ಲಂತೂ ಒಂದು ದಿನವೂ ಕಳೆದಿರಲಿಲ್ಲ.

ಈಗ ಲೆಕ್ಕ ಸ್ವಲ್ಪ ತಿರುಗುತ್ತಿದೆ. 2023ರಲ್ಲಿ ಅವರೆಯ ಜೀನೋಮ್ ನಕ್ಷೆ ಪ್ರಕಟವಾಯಿತು. ನೈರೋಬಿಯಲ್ಲಿ ನೆಲೆನಿಂತು ಆ ಕೆಲಸದ ಮುಂಚೂಣಿಯಲ್ಲಿದ್ದವರು ಆಫ್ರಿಕಾದ ವಿಜ್ಞಾನಿಗಳೇ. ಅದಕ್ಕೆ ಮೊದಲು ಅಲ್ಲಿನ ಬೆಳೆಗಳ ಜೀನೋಮ್ ಓದುವ ಕೆಲಸ ಹೆಚ್ಚಾಗಿ ಹೊರದೇಶಗಳಲ್ಲೇ ನಡೆಯುತ್ತಿತ್ತು. ಕಾಯಿಗೆ ಎರಡು ಕಾಳಿನ ಅವರೆ, ನಾಲ್ಕು ಕಾಳಿನ ಅವರೆ ಬೇರೆ ಬೇರೆಯಾಗಿ ಪಳಗಿದವು, ಎರಡು ಕಾಳಿನದು ಪಳಗಿದ್ದು ಇಥಿಯೋಪಿಯಾದಲ್ಲಿ ಎಂದು ಅವರು ಕಂಡುಕೊಂಡರು. ರಾಗಿಯ ಜೀನೋಮನ್ನು 2017ರಲ್ಲಿ ಓದಿದವರು ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಅವರ ಜೊತೆಗಾರರು.

ಆದರೆ ಕನ್ನಡದ ರೈತನಿಗೆ ಆಫ್ರಿಕಾದ ನಂಟನ್ನು ಮತ್ತೆ ಕಟ್ಟಿಕೊಟ್ಟವರು ಅವರಿಗೂ ಹಿಂದಿನವರು. ಮಂಡ್ಯದ ವಿ.ಸಿ. ಫಾರಂನಲ್ಲಿದ್ದ ಲಕ್ಷ್ಮಣಯ್ಯ, ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದವರು. ರಾಗಿಯ ಹೂವು ಬಹಳ ಚಿಕ್ಕದು. ಅದು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವುದರೊಳಗೆ. ಅರಳುವಾಗಲೇ ತನ್ನ ಪರಾಗ ತನ್ನ ಮೇಲೆ ಉದುರಿಸಿಕೊಂಡು ಕೆಲಸ ಮುಗಿಸಿಬಿಡುತ್ತದೆ. ಬೇರೆ ತಳಿಯ ಪರಾಗ ಕೂಡಿಸಬೇಕೆಂದರೆ ಹಗಲಿನ ನೌಕರಿಯಲ್ಲಿ ಆಗುವಂಥದ್ದಲ್ಲ. ಲಕ್ಷ್ಮಣಯ್ಯ ಆಫ್ರಿಕಾದ ರಾಗಿಯನ್ನು ತರಿಸಿ ನಮ್ಮ ರಾಗಿಯ ಜೊತೆ ಕೂಡಿಸಿದರು. ಅಲ್ಲಿನದು ದಪ್ಪ ಕಡ್ಡಿ, ದೊಡ್ಡ ತೆನೆ, ನಿಧಾನದ ಬೆಳೆ. ಇಲ್ಲಿನದು ಬೇಗ ಕೈಗೆ ಬರುವುದು. ಎರಡರ ಮಕ್ಕಳಿಗೆ ಇಂಡಾಫ್ ಎಂದು ಹೆಸರಿಟ್ಟರು, ಇಂಡಿಯಾ ಆಫ್ರಿಕಾ ಎರಡನ್ನೂ ಸೇರಿಸಿ. 1970ರ ದಶಕದಲ್ಲಿ ಈ ತಳಿಗಳು ಹೊಲಕ್ಕೆ ಬಂದಾಗ ಇಳುವರಿ ಎಲ್ಲಿಂದೆಲ್ಲಿಗೋ ಏರಿತು. ಬೆಂಕಿ ರೋಗ ತಡೆಯುತ್ತದೆಂದು ಇವತ್ತಿಗೂ ಗಡಿಯ ಎರಡೂ ಬದಿಯ ರೈತರು ಕೇಳಿ ತರುವ ಜಿಪಿಯು-28 ತಳಿಯ ವಂಶದಲ್ಲಿ ಇಂಡಾಫ್-5 ಇದೆ. ಕೃಷ್ಣಗಿರಿ ಕಡೆಯ ಪೈಯೂರು ಸಂಶೋಧನಾ ಕೇಂದ್ರವೂ ತನ್ನ ಹೆಸರಿನಲ್ಲೇ ರಾಗಿ ತಳಿ ಕೊಟ್ಟಿದೆ. ಮೂರು ಸಾವಿರ ವರ್ಷದ ಹಿಂದೆ ಅಗಲಿದ ದಾಯಾದಿಗಳನ್ನು ಒಂದೇ ಪಾತಿಯಲ್ಲಿ ಕೂಡಿಸಿದ ಲಕ್ಷ್ಮಣಯ್ಯನವರ ಕತೆ ನಮ್ಮ ಶಾಲೆಯ ಪುಸ್ತಕದಲ್ಲಿರಬೇಕಾದದ್ದು. ನನ್ನ ಪಾಲಿನ ಪುಸ್ತಕದಲ್ಲಿ ಇರಲಿಲ್ಲ.

ಕತ್ತಲಾಗುವ ಹೊತ್ತಿಗೆ ದೊಡ್ಡಮ್ಮನ ಮನೆಗೆ ವಾಪಸು ಬಂದೆವು. ಹಜಾರದ ಮೂಲೆಯಲ್ಲಿ ನೆಲಕ್ಕೆ ಗಾರೆ ಹಾಕಿದ ಒಂದು ದುಂಡನೆಯ ಗುರುತಿದೆ. ಅದರ ಕೆಳಗೆ ಹಿಂದೆ ಹಗೇವು ಇತ್ತು. ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳವಾಗಿ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ರಾಗಿ ಕೆಡದೆ ಗೆದ್ದು ಬರುವುದು ಇದೇ ಗುಣದಿಂದ. ಹಗೇವಿನ ಕಥೆ ತಿಳಿಸಿದಾಗ ಹುಡುಗಿಯೂ, ಬರದ ವರ್ಷಕ್ಕೆಂದು ರಾಗಿಯನ್ನು ಕಣಜದ ತಳದಲ್ಲಿ ಉಳಿಸುವ ತನ್ನ ಅಜ್ಜಿಯ ಮಾತು ಹೇಳಿದಳು.

“ಏನಪ್ಪಾ, ಈ ಮಗು ಹಿಟ್ಟು ತಿನ್ನುತ್ತಾ? ಅನ್ನಕ್ಕಿಡಲಾ?” ದೊಡ್ಡಮ್ಮ ನನ್ನನ್ನು ಕೇಳಿದಳು.

“ಹಿಟ್ಟಿಗೇ ಬಂದಿರೋದು ದೊಡ್ಡಮ್ಮ.”

ಎಸರು ಕುದಿಯಿತು. ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಬೇಯಲು ಬಿಟ್ಟಳು. ಆಮೇಲೆ ಪಾತ್ರೆಯನ್ನು ಕೆಳಗಿಳಿಸಿ ಎರಡು ಪಾದದ ನಡುವೆ ಅಮರಿಸಿಕೊಂಡು ತೊಳಸತೊಡಗಿದಳು. ಅರ್ಧ ತೊಳಸಿದಾಗ ಹುಡುಗಿ ಕೈ ಚಾಚಿದಳು. ದೊಡ್ಡಮ್ಮ ಅನುಮಾನದಿಂದಲೇ ಕೋಲು ಕೊಟ್ಟಳು. ಹುಡುಗಿ ಕೋಲನ್ನು ನಮ್ಮವರಂತೆ ಸುತ್ತಿಸಲಿಲ್ಲ. ಹಿಟ್ಟನ್ನು ಪಾತ್ರೆಯ ಬದಿಗೆ ಒತ್ತಿ ಒತ್ತಿ ತನ್ನ ಕಡೆಗೆ ಮಡಿಸಿದಳು. ಗಂಟು ಉಳಿಯಲಿಲ್ಲ. ದೊಡ್ಡಮ್ಮ ಬಗ್ಗಿ ನೋಡಿ, “ಹೂಂ, ಕೈ ಇದೆ” ಅಂದಳು. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅಂಕೋಲೆಯಲ್ಲಿ ಇದನ್ನು ಕಾರೋ ಎನ್ನುತ್ತಾರೆ. ಮರಗೆಣಸಿನ ಹಿಟ್ಟನ್ನೂ ಬೆರೆಸುವುದುಂಟು. ಹೆಣೆದ ಮುಚ್ಚಳದ ಬುಟ್ಟಿಯಲ್ಲಿಟ್ಟು ಎಲ್ಲರೂ ಸುತ್ತ ಕೂರುತ್ತಾರೆ, ಚೂರು ಮುರಿದು ಹೆಬ್ಬೆರಳಿನಿಂದ ಗುಳಿ ಮಾಡಿ ಸಾರಿಗೆ ಅದ್ದುತ್ತಾರೆ. ಹಬ್ಬವಾದರೆ ಜೊತೆಗೆ ತುಪ್ಪವನ್ನೇ ಕಡೆದು ಮಾಡಿದ ಬೆಳ್ಳನೆಯ ಎಶಾಬ್ವೆ. ರಾಗಿ ಹುಳಿ ಬರಿಸಿದ ಒಬುಶೇರಾ ಕುಡಿಯುತ್ತಾರೆ, ಅದು ನಮ್ಮ ಅಂಬಲಿಯ ಅಕ್ಕ. ಅವತ್ತು ದೊಡ್ಡಮ್ಮ ಮಾಡಿದ್ದು ಅಲಸಂದೆ ಕಾಳಿನ ಸಾರು, ಹುಣಸೆಹುಳಿ ಬಿಟ್ಟದ್ದು. ಮೆಣಸಿನಕಾಯಿ ಟೊಮೆಟೊ ಅಮೆರಿಕದಿಂದ ಬಂದವು, ಅವನ್ನು ಬಿಟ್ಟರೆ ತಟ್ಟೆಯ ತುಂಬ ಆಫ್ರಿಕಾ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಮಾತ್ರ ಹುಡುಗಿ ಒಪ್ಪಲಿಲ್ಲ.

ಊಟವಾದ ಮೇಲೆ ದೊಡ್ಡಮ್ಮನಿಗೆ ಇತಿಹಾಸ ಬೇಕಾಗಿರಲಿಲ್ಲ. “ಅವರ ಊರಲ್ಲಿ ರಾಗಿಗೆ ಬೆಂಕಿ ಬೀಳುತ್ತಾ ಕೇಳು” ಎಂದಳು. ಬೀಳುತ್ತದೆ, ಕುತ್ತಿಗೆ ಕಪ್ಪಾಗಿ ತೆನೆ ಜೊಳ್ಳಾಗುತ್ತದೆ ಎಂದಳು ಹುಡುಗಿ. ಪೂರ್ವ ಉಗಾಂಡಾದ ಸೆರೆರೆಯ ಸಂಶೋಧನಾ ಕೇಂದ್ರದವರು ಹೊಸ ತಳಿ ಕೊಡುತ್ತಾರಂತೆ. ಆದರೆ ಅದಕ್ಕಿಂತ ದೊಡ್ಡ ಕಷ್ಟ ಕಳೆ. ಅವಳ ಅಮ್ಮ ರಾಗಿ ಎರಚಿ ಬಿತ್ತುತ್ತಾಳೆ. ಎಳೆಯ ರಾಗಿಗೂ ಪಕ್ಕದ ಹುಲ್ಲಿಗೂ ವ್ಯತ್ಯಾಸ ತಿಳಿಯದು. ಬಗ್ಗಿ ಒಂದೊಂದೇ ಕಿತ್ತು ಬೆನ್ನು ಹೋಗುತ್ತದೆ. ಈ ಕಳೆಯ ಕಾಟಕ್ಕೇ ಎಷ್ಟೋ ಮಂದಿ ರಾಗಿ ಬಿಟ್ಟು ಮೆಕ್ಕೆಜೋಳಕ್ಕೆ ಹೋದರು.

“ಎರಚ್ತಾರಾ! ಕೂರಿಗೆ ಇಲ್ವಾ?”

ತಮ್ಮ ಅಟ್ಟದಿಂದ ಕೂರಿಗೆ ಇಳಿಸಿ ತಂದ. ಧೂಳು ಹಿಡಿದ ಬಟ್ಟಲು, ಅದರಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ಹಲ್ಲು. ಬಟ್ಟಲಿಗೆ ಕಾಳು ಬಿಡುವವಳ ಕೈ ಎಷ್ಟು ಬಿಗಿಯಿರಬೇಕು, ಕೊಳವೆ ಕಟ್ಟಿಕೊಂಡರೆ ಏನು ಮಾಡಬೇಕು, ಸಾಲು ಎದ್ದ ಮೇಲೆ ನಡುವೆ ಕುಂಟೆ ಹೊಡೆದರೆ ಅರ್ಧ ಕಳೆ ಅಲ್ಲೇ ಸಾಯುವುದು ಹೇಗೆ ಎಂದು ದೊಡ್ಡಮ್ಮ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು. ಹುಡುಗಿ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಳು, ಕೊಳವೆಯ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆದಳು, ಮರ ಯಾವುದು, ಬಿದಿರು ಎಷ್ಟು ದಪ್ಪ ಎಂದು ಕೇಳಿ ಬರೆದುಕೊಂಡಳು.

“ಒಬ್ಬಳ ಕೈಲಾಗಲ್ಲ, ಮುಂದೆ ಜೋಡೆತ್ತು ಹೊಡೆಯೋಕೆ ಒಬ್ಬ ಬೇಕು ಅಂತ ನಿಮ್ಮಮ್ಮಂಗೆ ಹೇಳಮ್ಮ.”

ಹುಡುಗಿ ನಕ್ಕು ಅಂಕೋಲೆಯ ದನದ ಚಿತ್ರ ತೆಗೆದು ತೋರಿಸಿದಳು. ಎರಡು ಕೊಂಬೂ ಸೇರಿ ಒಂದು ಮಾರು ಅಗಲಕ್ಕೆ ಹರಡಿದಂತಿದೆ. ಇಂಥವೆರಡನ್ನು ಒಂದೇ ನೊಗಕ್ಕೆ ಕಟ್ಟಲಿಕ್ಕೆ ಆಗುವುದಿಲ್ಲ ಎಂದು ನನ್ನ ಮೂಲಕ ಹೇಳಿಸಿದಳು.

ದೊಡ್ಡಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಹಂಗಾದ್ರೆ ಒಂಟೆತ್ತು ಕಟ್ಟಿ ಹೊಡೀಲಿ. ಕೂರಿಗೆ ಸಣ್ಣದು ಮಾಡಿಸ್ಕೊಂಡ್ರಾಯ್ತು.”